ಶುರುವಿನಲ್ಲೇ ಕೆಡುಕು ನುಡಿಯೋದು ಯಾಕೆ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಂದು ಸೇವಾ ಸಹಕಾರಿ ಸಂಘದಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಅಂದರೆ ನಾನೊಬ್ಬಳೇ. ಮುಖ್ಯ ಕಚೇರಿ ಬಿಟ್ಟು ಮೂರು ಶಾಖೆಗಳಿವೆ. ಸದಸ್ಯರು ಸುಮಾರು 9,400. ಹದಿನಾಲ್ಕು ವರ್ಷದಿಂದ ಇರುವ ಹಳೇ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗುವುದೆಂದು ತೀರ್ಮಾನವಾಗಿದೆ. ಖರ್ಚು 18 ಲಕ್ಷ. ಏಪ್ರಿಲ್ 1ಕ್ಕೆ ಎಲ್ಲ ಶಾಖೆಗಳಲ್ಲೂ ಒಟ್ಟಿಗೇ ಶುರು, ಅಂದರೆ ಇನ್ನು ಐದು ತಿಂಗಳು. ಆನ್‌ಲೈನ್ ಕೋರ್ಸಿನಲ್ಲಿ ಕಲಿತ ಹಾಗೆ ಒಂದು ರಿಸ್ಕ್ ರಿಜಿಸ್ಟರ್, ಅಂದರೆ ಏನೇನು ತಪ್ಪಾಗಬಹುದು, ಅದಕ್ಕೆ ಯಾರು ಏನು ಮಾಡಬೇಕು ಅನ್ನುವ ಪಟ್ಟಿ, ಮಾಡಿ ಮೀಟಿಂಗಿಗೆ ತೆಗೆದುಕೊಂಡು ಹೋದೆ. ಅಧ್ಯಕ್ಷರು "ಶುರುವಿನಲ್ಲೇ ಕೆಡುಕು ನುಡಿಯೋದು ಯಾಕೆ?" ಅಂದರು. ಸಾಫ್ಟ್‌ವೇರ್‌ನವರು "ಅದೆಲ್ಲ ದೊಡ್ಡ ಬ್ಯಾಂಕುಗಳಿಗೆ ಮೇಡಂ, ನಾವಿದ್ದೇವಲ್ಲ" ಅಂತ ನಕ್ಕರು. ನಮ್ಮಂಥ ಚಿಕ್ಕ ಕಡೆ ಇದು ನಿಜಕ್ಕೂ ಬೇಕಾ? ಬರೆದುಕೊಟ್ಟ ಮೇಲೆ ಹಾಗೇ ಆಗಿಬಿಟ್ಟರೆ, "ಗೊತ್ತಿದ್ದೂ ಸುಮ್ನಿದ್ದೆಯಲ್ಲ" ಅಂತ ನನ್ನ ತಲೆಗೇ ಕಟ್ಟುತ್ತಾರಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇದೆ. ಇದು ಬೇಕಾ ಅನ್ನುವುದು ಒಂದು, ಮಾಡಿದರೆ ನನ್ನ ಗತಿ ಏನು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಬೇಕು. ಎರಡನೆಯದರ ಮೇಲೆ ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಬ್ಯಾಂಕು, ಸೊಸೈಟಿಗಳ ಲೆಕ್ಕವನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಸಾಗಿಸುವುದೇ ನನ್ನ ಕಸುಬು. ಈ ಕೆಲಸದಲ್ಲಿ ನಾನೂ ಏಟು ತಿಂದಿದ್ದೇನೆ. ಅದರಿಂದಲೇ ಶುರು ಮಾಡುತ್ತೇನೆ.

2012ರ ಹೊತ್ತಿಗೆ ನಮ್ಮ ಜಿಲ್ಲೆಯಲ್ಲೇ ಒಂದು ಸಂಘಕ್ಕೆ ಹೊಸ ಸಾಫ್ಟ್‌ವೇರ್ ಹಾಕಿದೆವು. ಶನಿವಾರ ರಾತ್ರಿ ಲೆಕ್ಕ ಸಾಗಿಸಿದೆವು. ಒಟ್ಟು ಠೇವಣಿ ತಾಳೆ ಆಯಿತು, ಒಟ್ಟು ಸಾಲ ತಾಳೆ ಆಯಿತು. ಪೈಸೆ ವ್ಯತ್ಯಾಸ ಇಲ್ಲ. ಭಾನುವಾರ ಮೀನೂಟ ಮಾಡಿ ನೆಮ್ಮದಿಯಾಗಿ ಮಲಗಿದೆ. ಸೋಮವಾರ ಹತ್ತು ಗಂಟೆಗೆ ಮೊದಲ ಕೌಂಟರಿಗೆ ವಯಸ್ಸಾದವರೊಬ್ಬರು ಪಾಸ್‌ಬುಕ್ ಹಿಡಿದು ಬಂದರು. ಹೆಸರು 'ನ್' ಎಂದು ಮುಗಿಯುವ ಮಲಯಾಳಂ ಹೆಸರು. ಗುಮಾಸ್ತೆ ಹೆಸರು ಟೈಪ್ ಮಾಡಿ ಹುಡುಕಿದಳು. ಸಿಗಲಿಲ್ಲ. ಇನ್ನೊಮ್ಮೆ ಹುಡುಕಿದಳು. ಇಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವಳು ಹೊಸ ಸದಸ್ಯ ಅಂತ ಮಾಡಿ ಹಣ ಜಮೆ ಮಾಡಿಕೊಂಡಳು. ಸಂಜೆ ನೋಡಿದರೆ ಅಂಥ ಅರುವತ್ತು ಚಿಲ್ಲರೆ ಜನ. ಒಬ್ಬರೇ ಮನುಷ್ಯ, ಎರಡು ಖಾತೆ. ಸಾಲ ಹಳೇದರಲ್ಲಿ, ಕಟ್ಟಿದ ಕಂತು ಹೊಸದರಲ್ಲಿ.

ಕಾರಣ ಏನು ಗೊತ್ತಾ? ಮಲಯಾಳಂನ ಚಿಲ್ಲಕ್ಷರ, ಅಂದರೆ ಆ 'ನ್' ಥರ ಸ್ವರವಿಲ್ಲದೆ ನಿಲ್ಲುವ ವ್ಯಂಜನಕ್ಕೆ ಇರುವ ಬೇರೆಯೇ ರೂಪ. ಮೊದಲು ಕಂಪ್ಯೂಟರಿನಲ್ಲಿ ಅದನ್ನು ಅಕ್ಷರ, ಚಂದ್ರಕಲೆ (ಸ್ವರ ಇಲ್ಲ ಅಂತ ತೋರಿಸುವ ಗುರುತು), ಜೊತೆಗೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತು, ಹೀಗೆ ಮೂರು ತುಂಡಾಗಿ ಬರೆಯಬೇಕಿತ್ತು. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ಮಾನಕ ಯೂನಿಕೋಡ್. 2008ರಲ್ಲಿ ಅದರ 5.1 ಆವೃತ್ತಿ ಬಂದಾಗ ಚಿಲ್ಲಿಗೆ ತನ್ನದೇ ಒಂದು ಸಂಕೇತ ಕೊಟ್ಟರು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಎರಡೂ ಬೇರೆ ಬೇರೆ. ಸಾಗಿಸಿದ ಹೆಸರು ಒಂದು ರೀತಿ, ಕೌಂಟರಿನಲ್ಲಿ ಟೈಪ್ ಮಾಡಿದ್ದು ಇನ್ನೊಂದು ರೀತಿ.

ಅದನ್ನೆಲ್ಲ ಬಿಡಿಸಲು ನಮಗೆ ಆರು ವಾರ ಹಿಡಿಯಿತು. ಆದರೆ ಇವತ್ತಿಗೂ ನನ್ನನ್ನು ಕಾಡುವುದು ಅದಲ್ಲ. ಮಂಗಳವಾರ ಚಹಾ ಕುಡಿಯುವಾಗ ಇನ್ನೊಬ್ಬ ಹಿರಿಯ ಗುಮಾಸ್ತರು ಹೇಳಿದರು: "ಹಳೇದರಲ್ಲೂ ಆ ಹೆಸರುಗಳು ಸರಿಯಾಗಿ ಸಿಗುತ್ತಿರಲಿಲ್ಲ ಸಾರ್. ಅದಕ್ಕೇ ನಾವು ನಂಬರ್ ಹಾಕಿಯೇ ಹುಡುಕುವುದು." ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ಯಾರೂ ಕೇಳಲೇ ಇಲ್ಲವಲ್ಲ" ಅಂದರು.

ಮುಳುಗಿದ ಯಾವ ಯೋಜನೆಯನ್ನು ನಾನು ಹತ್ತಿರದಿಂದ ನೋಡಿದ್ದರೂ ಇದೇ ಕಥೆ. ಅಪಾಯ ಯಾರೋ ಒಬ್ಬರಿಗೆ ಗೊತ್ತಿರುತ್ತದೆ. ತೀರ್ಮಾನ ಮಾಡುವವರು ಇನ್ನೊಬ್ಬರು. ಇವರ ಬಾಯಿಂದ ಅವರ ಕಿವಿಗೆ ದಾರಿ ಇರುವುದಿಲ್ಲ. ರಿಸ್ಕ್ ರಿಜಿಸ್ಟರ್ ಎಂದರೆ ಆ ದಾರಿ, ಅಷ್ಟೇ. ಅದರಲ್ಲಿ ಭವಿಷ್ಯ ನುಡಿಯುವ ಶಕ್ತಿಯೇನೂ ಇಲ್ಲ.

ಇನ್ನು 'ಕೆಡುಕು ನುಡಿಯೋದು' ಅನ್ನುವ ಮಾತು. ಅಧ್ಯಕ್ಷರ ಮೇಲೆ ಬೇಸರ ಬೇಡ. ಅವರಿಗೆ ಅಡಿಕೆ ತೋಟ ಇದೆ ಅಂದುಕೊಳ್ಳುತ್ತೇನೆ, ನಿಮ್ಮ ಕಡೆ ಯಾರಿಗಿಲ್ಲ? ಮುಂದಿನ ಸಲ ತೋಟದ ಮಾತಿನಿಂದಲೇ ಶುರು ಮಾಡಿ. ಮಳೆ ಹಿಡಿಯುವ ಮೊದಲು ಅವರು ಮದ್ದು ಬಿಡಿಸುತ್ತಾರೆ ತಾನೆ? ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಕೊಳೆರೋಗ ಬಂದೇ ಬರುತ್ತದೆ ಅಂತ ಯಾರೂ ಶಾಪ ಹಾಕಿರುವುದಿಲ್ಲ. ಬರಬಹುದು, ಬಂದರೆ ಬೆಳೆ ಹೋಗುತ್ತದೆ, ಅದಕ್ಕೆ ಮೊದಲೇ ಬಿಡುತ್ತಾರೆ. ಮದ್ದು ಬಿಡುವವರಿಗೆ ಮೇ ತಿಂಗಳಲ್ಲೇ ಹೇಳಿ ಇಡುತ್ತಾರೆ, ಕೊನೇ ಗಳಿಗೆಯಲ್ಲಿ ಆಳು ಸಿಗುವುದಿಲ್ಲ ಅಂತ. ನಲುವತ್ತು, ನಲುವತ್ತೈದು ದಿನಕ್ಕೆ ಎರಡನೇ ಸಲ. ದ್ರಾವಣ ಸರಿಯಾಗಿದೆಯಾ ಅಂತ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ನಿಮ್ಮ ಕೋರ್ಸಿನಲ್ಲಿ ದೊಡ್ಡ ದೊಡ್ಡ ಹೆಸರಿಟ್ಟು ಕಲಿಸಿದ್ದೆಲ್ಲ ಇದರಲ್ಲಿದೆ. ಏನು ಆಗಬಹುದು, ಯಾರು ಮಾಡಬೇಕು, ಯಾವಾಗ, ಸರಿಯಾಗಿದೆ ಅಂತ ಹೇಗೆ ಗೊತ್ತಾಗುವುದು. ತೋಟದಲ್ಲಿ ಬರೆದಿಡುವುದಿಲ್ಲ, ಯಾಕೆಂದರೆ ತೋಟದ ಯಜಮಾನ ಒಬ್ಬನೇ, ಕೆಲಸ ಪ್ರತಿವರ್ಷದ್ದು. ನಿಮ್ಮದು ಮೊದಲನೇ ಸಲ, ಜನ ಹತ್ತಾರು. ಅದಕ್ಕೇ ಕಾಗದ ಬೇಕು.

ಅಪಾಯ ನಿರ್ವಹಣೆಗೆ ಐಎಸ್‌ಒ 31000 ಅಂತ ಒಂದು ಅಂತರರಾಷ್ಟ್ರೀಯ ಮಾನಕ ಇದೆ. 2009ರಲ್ಲಿ ಬಂತು, 2018ರಲ್ಲಿ ಪರಿಷ್ಕರಿಸಿದರು. ನಾವು ತಲುಪಬೇಕಾದ ಗುರಿಯ ಮೇಲೆ ಅನಿಶ್ಚಿತತೆ ಏನು ಪರಿಣಾಮ ಮಾಡುತ್ತದೋ ಅದೇ ಅಪಾಯ ಅಂತ ಅದು ಹೇಳುತ್ತದೆ. ದೊಡ್ಡ ಬ್ಯಾಂಕು, ಚಿಕ್ಕ ಸಂಘ ಅಂತ ಭೇದ ಮಾಡುವುದಿಲ್ಲ. ಚಿಕ್ಕವರಿಗೆ ಪೆಟ್ಟು ಜಾಸ್ತಿ ಅಂತಲೇ ನನ್ನ ಅಭಿಪ್ರಾಯ. ದೊಡ್ಡ ಬ್ಯಾಂಕಿನಲ್ಲಿ ಒಬ್ಬ ರಜೆ ಹಾಕಿದರೆ ಇನ್ನೊಬ್ಬ ಇದ್ದಾನೆ. ನಿಮಗೆ ಜ್ವರ ಬಂದರೆ ಇಡೀ ವಿಭಾಗ ಮಲಗುತ್ತದೆ, ಅಲ್ವಾ?

ಹಾಗಂತ ದೊಡ್ಡ ಬ್ಯಾಂಕುಗಳು ಸುಖವಾಗಿವೆ ಅಂತಲೂ ಅಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ನೀವು ಮಾಡಹೊರಟದ್ದನ್ನೇ ಮಾಡಿತು. 52 ಲಕ್ಷ ಗ್ರಾಹಕರ ಲೆಕ್ಕ, ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ. ಲೆಕ್ಕವೇನೋ ಸರಿಯಾಗಿಯೇ ಹೋಯಿತು. ಹೊಸ ವ್ಯವಸ್ಥೆ ಮಾತ್ರ ಶುರುವಾದ ಕೂಡಲೇ ಕೈಕೊಟ್ಟಿತು. ಎಷ್ಟೋ ಜನರಿಗೆ ತಮ್ಮ ಖಾತೆಯೊಳಗೇ ಹೋಗಲು ಆಗಲಿಲ್ಲ. 550 ಶಾಖೆಗಳಿಗೂ ತೊಂದರೆ. ಎಲ್ಲ ಪೂರ್ತಿ ಸರಿಹೋಗಲು ಡಿಸೆಂಬರ್ ಆಯಿತು. ಗ್ರಾಹಕರಿಗೆ 3.27 ಕೋಟಿ ಪೌಂಡ್ ಪರಿಹಾರ ಕೊಟ್ಟರು. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು 4.86 ಕೋಟಿ ಪೌಂಡಿಗಿಂತ ಜಾಸ್ತಿ ದಂಡ ಹಾಕಿದರು. ಯಾತಕ್ಕೆ? ಕಂಪ್ಯೂಟರ್ ಕೆಟ್ಟದ್ದಕ್ಕಲ್ಲ. ಅಪಾಯ ನಿರ್ವಹಣೆ ಸರಿಯಾಗಿ ಮಾಡಲಿಲ್ಲ, ಹೊರಗಿನವರಿಗೆ ಕೊಟ್ಟ ಕೆಲಸದ ಮೇಲೆ ಸಾಕಷ್ಟು ಕಣ್ಣಿಡಲಿಲ್ಲ ಅಂತ. ಮರುವರ್ಷ ಆ ಬ್ಯಾಂಕಿನ ಮುಖ್ಯ ಮಾಹಿತಿ ಅಧಿಕಾರಿಯಾಗಿದ್ದವರಿಗೂ 81,620 ಪೌಂಡ್ ದಂಡ ಬಿತ್ತು. ಸ್ವಂತ ಜೇಬಿನಿಂದ. ಹೊರಗಿನ ಕಂಪನಿ ನಿಜಕ್ಕೂ ಸಿದ್ಧವಾಗಿದೆಯಾ ಅಂತ ಅವರು ಬೇಕಾದಷ್ಟು ವಿಚಾರಿಸಲಿಲ್ಲ ಅನ್ನುವುದು ಆರೋಪ.

"ನಾವಿದ್ದೇವಲ್ಲ ಮೇಡಂ" ಅನ್ನುವ ಮಾತಿನ ಬೆಲೆ ಇಲ್ಲಿ ಗೊತ್ತಾಗುತ್ತದೆ. ಕಂಪನಿಯವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಅವರು ಸಾಫ್ಟ್‌ವೇರ್ ಸರಿಮಾಡಿಕೊಡುತ್ತಾರೆ. ಆದರೆ ವಿಷುವಿನ ಮುನ್ನಾ ದಿನ ಹಣ ತೆಗೆಯಲು ಬಂದ ಸದಸ್ಯರು ಬರಿಗೈಯಲ್ಲಿ ಹೋದರೆ, ಅವರು ಬೈಯುವುದು ಸಂಘವನ್ನು. ಕರಾರಿನಲ್ಲಿ ದಂಡದ ಮಾತು ಹಾಕಿಸಬಹುದು, ಕೊನೆಯ ಕಂತನ್ನು ಮೂರು ತಿಂಗಳು ತಡೆದಿಟ್ಟುಕೊಳ್ಳಬಹುದು. ಎರಡನ್ನೂ ಮಾಡಿ. ಅದರಿಂದ ಹಣದ ಅಪಾಯ ಸ್ವಲ್ಪ ಅತ್ತ ಹೋಗುತ್ತದೆ. ನಂಬಿಕೆಯ ಅಪಾಯ ಎಲ್ಲಿಗೂ ಹೋಗುವುದಿಲ್ಲ.

ಈಗ ನೀವು ಕಳಿಸಿದ ಪಟ್ಟಿಗೆ ಬರುತ್ತೇನೆ. ನಲುವತ್ತೊಂದು ಸಾಲು. ಬೈದೆ ಅಂದುಕೊಳ್ಳಬೇಡಿ, ನಾನೇ ಅಧ್ಯಕ್ಷನಾಗಿದ್ದರೂ ಎರಡನೇ ಪುಟಕ್ಕೆ ಹೋಗುತ್ತಿರಲಿಲ್ಲ. 'ಡೇಟಾ ಸಮಸ್ಯೆ', 'ವಿದ್ಯುತ್ ಸಮಸ್ಯೆ', 'ಸಿಬ್ಬಂದಿ ಸಹಕಾರ ಇಲ್ಲದಿರುವುದು' ಅಂತೆಲ್ಲ ಬರೆದಿದ್ದೀರಿ. ಇವು ಬರೀ ತಲೆಬರಹ. ಒಂದೊಂದು ಸಾಲಿನಲ್ಲೂ ಯಾಕೆ, ಏನು, ಆದರೆ ಏನಾಗುತ್ತದೆ, ಮೂರೂ ಇರಬೇಕು. ಹೀಗೆ: "ಹಳೇ ದಾಖಲೆಯಲ್ಲಿ ಹೆಸರುಗಳು ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಬೆರೆತಿರುವುದರಿಂದ, ಒಬ್ಬ ಸದಸ್ಯರಿಗೆ ಎರಡು ಖಾತೆ ಆಗಬಹುದು. ಆದರೆ ಸಾಲದ ಬಾಕಿ ತಪ್ಪು ತೋರಿಸಿ ನೋಟಿಸ್ ಹೋಗುತ್ತದೆ." ಈ ಸಾಲು ಓದಿದ ಯಾವ ನಿರ್ದೇಶಕರೂ ನಗುವುದಿಲ್ಲ. ತಪ್ಪು ನೋಟಿಸ್ ತಮ್ಮ ಮಾವನಿಗೇ ಹೋಗಬಹುದು ಅಂತ ಅವರಿಗೆ ಗೊತ್ತು.

ಈ ಭಾಷೆಯ ವಿಷಯ ನಿಮ್ಮಲ್ಲಿ ನನ್ನ ಕಥೆಗಿಂತ ಗಟ್ಟಿಯಾಗಿದೆ. ಹದಿನಾಲ್ಕು ವರ್ಷ ಹಳೇ ಸಾಫ್ಟ್‌ವೇರ್ ಅಂದಿದ್ದೀರಿ. ಅದರಲ್ಲಿ ಕನ್ನಡ ಇರುವುದು ಯೂನಿಕೋಡ್‌ನಲ್ಲಾ, ಹಳೇ ನುಡಿ ಫಾಂಟಿನಲ್ಲಾ ಅಂತ ಮೊದಲು ನೋಡಿ. ಹಳೇ ಫಾಂಟಾದರೆ ಒಳಗೆ ಇರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿದ್ದು. ಪರಿವರ್ತಿಸುವಾಗ ಅರ್ಕಾವತ್ತು ಜಾಗ ತಪ್ಪುವುದು ಮಾಮೂಲು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಅಕ್ಷರಕ್ಕಿಂತ ಮೊದಲು. ಶರ್ಮ, ವರ್ಮ, ಪಾರ್ವತಿ ಎಂಬ ಹೆಸರುಗಳನ್ನೇ ಹುಡುಕಿ ನೋಡಿದರೆ ಪರಿವರ್ತನೆಯ ಹಣೆಬರಹ ಗೊತ್ತಾಗುತ್ತದೆ. ಸಾಲದ್ದಕ್ಕೆ ನಮ್ಮೂರಿನಲ್ಲಿ ಒಬ್ಬರದ್ದೇ ಹೆಸರು ರೇಶನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಜಾಗದ ದಾಖಲೆಯಲ್ಲಿ ಮತ್ತೊಂದು. ಒಬ್ಬ ಈಶ್ವರ ಭಟ್ರು ಇಂಗ್ಲಿಷಿನಲ್ಲಿ ಎಷ್ಟು ಥರ ಆಗುತ್ತಾರೆ ಅಂತ ಒಮ್ಮೆ ಎಣಿಸಿದ್ದೆ, ಏಳಕ್ಕೆ ನಿಲ್ಲಿಸಿದೆ.

ಪಟ್ಟಿಯನ್ನು ನೀವೊಬ್ಬರೇ ಕೂತು ಮಾಡಿದಿರಿ, ಅದೇ ಮೊದಲ ತಪ್ಪು. ಒಂದು ಶನಿವಾರ ಸಂಜೆ ಎಲ್ಲರನ್ನೂ ಕೂರಿಸಿ. ಕೌಂಟರಿನವರು, ಚಿನ್ನ ತೂಗುವವರು, ಪಿಗ್ಮಿ ಸಂಗ್ರಹಕ್ಕೆ ಹೋಗುವವರು, ಅಟೆಂಡರ್, ಎಲ್ಲರೂ. ಚಹಾ, ಗೋಳಿಬಜೆ ತರಿಸಿ. ಒಂದೊಂದು ಚೀಟಿ ಕೊಟ್ಟು ಹೀಗೆ ಹೇಳಿ: "ಈಗ ಮೇ ತಿಂಗಳು ಅಂದುಕೊಳ್ಳಿ. ಹೊಸ ಸಾಫ್ಟ್‌ವೇರ್ ಪೂರಾ ಹಾಳಾಗಿ ಹೋಗಿದೆ. ಯಾಕೆ ಹಾಳಾಯಿತು ಅಂತ ಬರೆಯಿರಿ. ಹೆಸರು ಬೇಡ." ಗ್ಯಾರಿ ಕ್ಲೈನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳಿಕೊಟ್ಟ ಉಪಾಯ ಇದು. ಏನು ತಪ್ಪಾಗಬಹುದು ಅಂತ ಕೇಳಿದರೆ ನಮ್ಮ ಜನ ಸಂಕೋಚ ಪಡುತ್ತಾರೆ. ಆಗಿಹೋಗಿದೆ, ಯಾಕೆ ಅಂತ ಕೇಳಿ ನೋಡಿ, ಚೀಟಿ ಸಾಲುವುದಿಲ್ಲ.

ಬಂದದ್ದನ್ನು ಹದಿನೈದು ಸಾಲಿಗೆ ಇಳಿಸಿ. ಎಷ್ಟು ಸಾಧ್ಯತೆ, ಎಷ್ಟು ನಷ್ಟ ಅಂತ ಅಂದಾಜು ಹಾಕಿ ಗುಣಿಸುವ ಪದ್ಧತಿ ನಿಮಗೆ ಗೊತ್ತಿದೆ. ಹೆಸರಿನ ಗೊಂದಲ ಆಗುವ ಸಾಧ್ಯತೆ ಹತ್ತರಲ್ಲಿ ಮೂರು, ಆದರೆ ಸರಿಪಡಿಸಲು 4 ಲಕ್ಷ ಖರ್ಚು ಅಂದುಕೊಳ್ಳಿ. ಗುಣಿಸಿದರೆ 1.2 ಲಕ್ಷ. ಮೊದಲೇ ಇಬ್ಬರು ಹುಡುಗರನ್ನು ಇಟ್ಟು ಹೆಸರು ಶುದ್ಧ ಮಾಡಿಸಿದರೆ 60 ಸಾವಿರ. ಯಾವುದು ಲಾಭ ಅಂತ ಮಂಡಳಿಗೆ ಹೇಳಿಕೊಡಬೇಕಿಲ್ಲ. ಆದರೆ ಈ ಗುಣಾಕಾರವನ್ನು ಎಲ್ಲ ಕಡೆ ನಂಬಬೇಡಿ. ಏಪ್ರಿಲ್, ಮೇ ತಿಂಗಳ ಸಿಡಿಲು ನಮ್ಮ ಕಡೆ ಹೇಗಿರುತ್ತದೆ ಅಂತ ಗೊತ್ತಲ್ಲ. ನಿಮ್ಮ ಸರ್ವರಿಗೇ ಬಡಿಯುವ ಸಾಧ್ಯತೆ ತೀರಾ ಕಮ್ಮಿ. ಗುಣಿಸಿದರೆ ಸಣ್ಣ ಸಂಖ್ಯೆ ಬಂದು ಪಟ್ಟಿಯ ಕೆಳಗೆ ಹೋಗಿ ಕೂರುತ್ತದೆ. ಬಡಿದ ದಿನ ಮಾತ್ರ ಸಂಘದ ಬಾಗಿಲು ಹಾಕಬೇಕು. ಅಪರೂಪಕ್ಕೆ ಬಂದರೂ ಸಂಘವನ್ನೇ ನುಂಗುವಂಥವನ್ನು ಗುಣಿಸದೆ ಬೇರೆಯೇ ಇಡಿ.

ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು. 'ಸಿಬ್ಬಂದಿ' ಅಂತ ಬರೆದರೆ ಯಾರೂ ಅಲ್ಲ ಅಂತ ಅರ್ಥ. ಒಂದು ತಾರೀಕು. ಇನ್ನೊಂದು ಮುಖ್ಯ ಸಂಗತಿ, ಕತ್ತಿ ಅದ್ದಿ ನೋಡುವ ಹಾಗೆ ಒಂದು ಗುರುತು: "ಫೆಬ್ರವರಿ 28ರ ಪರೀಕ್ಷೆಯಲ್ಲಿ ನೂರು ಖಾತೆಗಳ ಬಡ್ಡಿ ಹಳೇದಕ್ಕೆ ತಾಳೆ ಆಗದಿದ್ದರೆ ಏಪ್ರಿಲ್ 1 ಮುಂದಕ್ಕೆ." ಇದನ್ನು ಈಗಲೇ, ಎಲ್ಲರ ತಲೆ ತಣ್ಣಗಿರುವಾಗ ಒಪ್ಪಿಸಿಕೊಳ್ಳಿ. ಮಾರ್ಚ್ ಕೊನೆಗೆ, ಉದ್ಘಾಟನೆಯ ಆಮಂತ್ರಣ ಅಚ್ಚಾದ ಮೇಲೆ, "ಮುಂದೂಡೋಣ" ಅನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ನನಗೂ ಇರಲಿಲ್ಲ.

ಏಪ್ರಿಲ್ 1ರ ಬಗ್ಗೆ ನೇರವಾಗಿ ಹೇಳುತ್ತೇನೆ. ಲೆಕ್ಕದ ದೃಷ್ಟಿಯಿಂದ ಅದು ಚಂದದ ದಿನ, ಹಳೇ ವರ್ಷ ಮುಗಿದಿರುತ್ತದೆ. ಮನುಷ್ಯರ ದೃಷ್ಟಿಯಿಂದ ಕೆಟ್ಟ ದಿನ. ಮಾರ್ಚ್ ಪೂರ್ತಿ ಸಾಲ ನವೀಕರಣ, ವಸೂಲಿ ಅಂತ ಸಿಬ್ಬಂದಿ ಸುಸ್ತಾಗಿರುತ್ತಾರೆ, ಎರಡು ವಾರದಲ್ಲಿ ವಿಷು. ನಾನಾದರೆ ಅತಿ ಚಿಕ್ಕ ಶಾಖೆಯನ್ನು ಜನವರಿಯಲ್ಲೇ ಹೊಸದಕ್ಕೆ ಹಾಕುತ್ತೇನೆ. ಒಂದು ತಿಂಗಳು ಅಲ್ಲಿ ಬಿದ್ದು ಎದ್ದು ಕಲಿತು, ಉಳಿದವನ್ನು ಒಂದೊಂದಾಗಿ. ಇದರಲ್ಲೂ ಅಪಾಯ ಇದೆ: ಆ ಅವಧಿಯಲ್ಲಿ ಸಂಘದ ಒಟ್ಟು ಲೆಕ್ಕ ಎರಡು ಸಾಫ್ಟ್‌ವೇರಿನಿಂದ ಕೂಡಿಸಿ ತೆಗೆಯಬೇಕು, ಶಾಖೆಯಿಂದ ಶಾಖೆಗೆ ವರ್ಗಾವಣೆ ಕೈಯಲ್ಲೇ ಮಾಡಬೇಕು. ಇನ್ನೊಂದು ದಾರಿ, ಹಳೇದು ಹೊಸದು ಎರಡನ್ನೂ ಒಂದು ತಿಂಗಳು ಜೊತೆಗೆ ನಡೆಸುವುದು. ತಪ್ಪು ಸಿಕ್ಕಿಬೀಳುವುದು ಇದರಲ್ಲೇ ಜಾಸ್ತಿ. ಆದರೆ ಪ್ರತಿ ರಸೀದಿ ಎರಡು ಸಲ ಹಾಕಬೇಕು. ಎರಡನೇ ವಾರಕ್ಕೆ ಸಿಬ್ಬಂದಿ ಹಳೇದರಲ್ಲಿ ಹಾಕುವುದನ್ನು ಮೆಲ್ಲಗೆ ಬಿಡುತ್ತಾರೆ, ಹೇಳುವುದೂ ಇಲ್ಲ. ಹೆಚ್ಚುವರಿ ಸಂಬಳ ಕೊಡಲು ಮಂಡಳಿ ಒಪ್ಪಿದರೆ ಮಾತ್ರ ಆ ದಾರಿ ಹಿಡಿಯಿರಿ. ಎಲ್ಲ ಶಾಖೆ ಒಂದೇ ದಿನ ಅಂತ ಹಟ ಹಿಡಿದರೆ, ಹಿಂದಕ್ಕೆ ಬರುವ ದಾರಿಯನ್ನಾದರೂ ಬರೆಸಿಕೊಳ್ಳಿ: ಎಷ್ಟು ಗಂಟೆಯೊಳಗೆ ಸರಿಯಾಗದಿದ್ದರೆ ಹಳೇದಕ್ಕೆ ಮರಳುವುದು, ಅಷ್ಟರಲ್ಲಿ ಆದ ವ್ಯವಹಾರವನ್ನು ಯಾರು ಮತ್ತೆ ಹಾಕುವುದು. 18 ಲಕ್ಷದಲ್ಲಿ ಹತ್ತರಲ್ಲೊಂದು ಪಾಲನ್ನು ಅನಿರೀಕ್ಷಿತಕ್ಕೆ ತೆಗೆದಿಡಿಸಿ. ಬರೀ ಬಣ್ಣ, ಬೋರ್ಡಿಗೆ ಖರ್ಚಾಗದಂತೆ ನೋಡಿಕೊಳ್ಳಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಿಮ್ಮ ತಲೆಗೆ ಕಟ್ಟುತ್ತಾರಾ? ಕಟ್ಟಲು ನೋಡುವವರು ಇರುತ್ತಾರೆ, ಸುಳ್ಳು ಸಮಾಧಾನ ಹೇಳುವುದಿಲ್ಲ. ಪಟ್ಟಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಖಂಡಿತ ಕಟ್ಟುತ್ತಾರೆ, ಆಗ ಅದು ನಿಮಗೊಬ್ಬರಿಗೇ ಗೊತ್ತಿದ್ದ ವಿಷಯ. ಅದಕ್ಕೆ ಪಟ್ಟಿಯನ್ನು ಸಭೆಯ ಅಜೆಂಡಾದಲ್ಲಿ ಹಾಕಿಸಿ. ಮಂಡಳಿ ಏನೇ ಹೇಳಲಿ, ನಡಾವಳಿ ಪುಸ್ತಕದಲ್ಲಿ ಬರಲಿ. "60 ಸಾವಿರ ಖರ್ಚು ಬೇಡ, ಈ ಅಪಾಯ ಇರಲಿ" ಅಂದರೂ ಆಗಬಹುದು. ಅಪಾಯವನ್ನು ಗೊತ್ತಿದ್ದೇ ಇಟ್ಟುಕೊಳ್ಳುವುದು ತಪ್ಪಲ್ಲ, ಅದು ಯಜಮಾನರ ಹಕ್ಕು. ಆದರೆ ಅವರು ಇಟ್ಟುಕೊಂಡರು ಅಂತ ಬರೆದಿರಬೇಕು. ಆ ಹದಿನೈದು ಸಾಲಿನಲ್ಲಿ ಮೂರ್ನಾಲ್ಕರ ಮುಂದೆ ಅಧ್ಯಕ್ಷರದ್ದೇ ಹೆಸರು ಇರಲಿ. ಕರಾರಿನ ದಂಡ, ಮುಂದೂಡುವ ತೀರ್ಮಾನ, ಸದಸ್ಯರಿಗೆ ತಿಳಿಸುವುದು, ಇವು ನಿಮ್ಮ ಕೆಲಸ ಅಲ್ಲವೇ ಅಲ್ಲ. ತಮ್ಮ ಹೆಸರು ಕಂಡ ದಿನ ಅವರು ಪಟ್ಟಿಯನ್ನು ಓದುತ್ತಾರೆ.

ಒಂದು ಎಚ್ಚರಿಕೆ. ಮೊದಲ ತಿಂಗಳು ಉತ್ಸಾಹದಿಂದ ನಡೆಯುತ್ತದೆ, ಆಮೇಲೆ ಪಟ್ಟಿ ಫೈಲಿನಲ್ಲಿ ಮಲಗುತ್ತದೆ. ನಾನು ನೋಡಿದ ರಿಜಿಸ್ಟರುಗಳಲ್ಲಿ ಅರ್ಧಕ್ಕರ್ಧ ಹೀಗೇ ಸತ್ತಿವೆ. ಶುಕ್ರವಾರ ಸಂಜೆ ಅರ್ಧ ಗಂಟೆ, ನಿಂತುಕೊಂಡೇ, ಎರಡೇ ಪ್ರಶ್ನೆ: ಯಾವ ಸಾಲು ಹೊಡೆದು ಹಾಕಬಹುದು, ಯಾವುದು ಹೊಸತು? ಎರಡು ವಾರ ಹೊಸ ಸಾಲು ಒಂದೂ ಬರದಿದ್ದರೆ ಎಲ್ಲ ಸರಿ ಇದೆ ಅಂತ ಖುಷಿ ಪಡಬೇಡಿ. ಕೌಂಟರಿಗೆ ಹೋಗಿ ಚಹಾ ಕುಡಿಯಿರಿ, ಕೇಳಿ.

ಈ ಶನಿವಾರಕ್ಕೇ ಒಂದು ಕೆಲಸ. ಬ್ಯಾಕಪ್ ದಿನಾ ಆಗುತ್ತದೆ ಅಂತ ಪಟ್ಟಿಯಲ್ಲಿ ಬರೆದಿದ್ದೀರಿ. ಕಳೆದ ವಾರದ ಒಂದು ಬ್ಯಾಕಪ್ ತೆಗೆದು, ಬೇರೆಯೇ ಒಂದು ಕಂಪ್ಯೂಟರಿಗೆ ಹಾಕಿ, ನಿಮ್ಮ ಅಮ್ಮನ ಖಾತೆ ತೆರೆದು ಬಾಕಿ ಎಷ್ಟಿದೆ ನೋಡಿ. ತೆರೆಯಿತು ಅಂದರೆ ಒಳ್ಳೆಯದು, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ. ತೆರೆಯದಿದ್ದರೆ ಪಟ್ಟಿಯ ಮೊದಲ ಸಾಲು ಸಿಕ್ಕಿತು, ಅದರ ಮುಂದೆ ಸದ್ಯಕ್ಕೆ ನಿಮ್ಮ ಹೆಸರೇ ಇರಲಿ.